ಡಯಾಬಿಟಿಸ್ ಸಂಶೋಧನೆಗೆ ಇಲಿಗಳ ಮೆಟಬಾಲಿಸಂ ಪರೀಕ್ಷೆ: ಕೋರ್ ಲ್ಯಾಬ್ ಬಳಸೋದು ಹೇಗೆ, ಮೊದಲಿಂದ ಕೊನೆವರೆಗೆ

ನಿಮ್ಮ ಲ್ಯಾಬಲ್ಲಿ ಒಂದು ಜೀನ್ ತೆಗೆದ ಇಲಿ ಇದೆ. ಅದರ ಶುಗರ್ ಸ್ವಲ್ಪ ಜಾಸ್ತಿ ಬರುತ್ತಿದೆ. ಯಾಕೆ ಅಂತ ಕಂಡುಹಿಡಿಯಬೇಕು. ಇದಕ್ಕೆ ಬೇಕಾದ ಯಂತ್ರಗಳು ತುಂಬಾ ದುಬಾರಿ, ಮತ್ತೆ ಇಲಿಯ ಕತ್ತಿನ ರಕ್ತನಾಳದೊಳಗೆ ತುಂಬಾ ತೆಳುವಾದ ಕೊಳವೆ ಕೂರಿಸುವ ಕೈ ತಯಾರಾಗಲು ತಿಂಗಳುಗಟ್ಟಲೆ ಬೇಕು. ಪ್ರತಿ ಲ್ಯಾಬೂ ಇದನ್ನೆಲ್ಲ ಸ್ವಂತಕ್ಕೆ ಇಟ್ಟುಕೊಳ್ಳಲು ಆಗುವುದಿಲ್ಲ.

ಅದಕ್ಕೇ ಕೋರ್ ಲ್ಯಾಬ್‌ಗಳು, ಅಂದರೆ ಹಲವು ಲ್ಯಾಬ್‌ಗಳು ಹಂಚಿಕೊಂಡು ಬಳಸುವ ಲ್ಯಾಬ್‌ಗಳು, ಇರುವುದು. ಅಮೆರಿಕದಲ್ಲಿ ಡಯಾಬಿಟಿಸ್, ಜೀರ್ಣಾಂಗ ಮತ್ತು ಕಿಡ್ನಿ ಕಾಯಿಲೆಗಳ ರಾಷ್ಟ್ರೀಯ ಸಂಸ್ಥೆ, ಎಲ್ಲರೂ ಎನ್‌ಐಡಿಡಿಕೆ ಅಂತ ಕರೆಯುವುದು, 2001ರಲ್ಲಿ ಮೌಸ್ ಮೆಟಬಾಲಿಕ್ ಫಿನೋಟೈಪಿಂಗ್ ಸೆಂಟರ್‌ಗಳನ್ನು ಶುರು ಮಾಡಿತು. ಚಿಕ್ಕದಾಗಿ ಎಂಎಂಪಿಸಿ. ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್, ವೂಸ್ಟರ್‌ನ ಮ್ಯಾಸಚೂಸೆಟ್ಸ್ ವೈದ್ಯಕೀಯ ಕಾಲೇಜು, ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್ ಇವೆಲ್ಲ ಈ ಗುಂಪಿನ ಹೆಸರುಗಳು. ಈಗ ಇದೇ ಕಾರ್ಯಕ್ರಮ ಎಂಎಂಪಿಸಿ-ಲೈವ್ ಅನ್ನೋ ಹೆಸರಲ್ಲಿ, ಜೀವಂತ ಇಲಿಗಳ ಮೇಲೆ ಮಾಡುವ ಪರೀಕ್ಷೆಗಳಿಗೆ ಒತ್ತು ಕೊಟ್ಟು ನಡೆಯುತ್ತಿದೆ. ಹೊರಗಿನ ಲ್ಯಾಬಿನವರೂ ಇಲ್ಲಿಗೆ ಇಲಿ ಕಳಿಸಬಹುದು, ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ಇವಲ್ಲದೆ ಹಲವು ವಿಶ್ವವಿದ್ಯಾಲಯಗಳ ಡಯಾಬಿಟಿಸ್ ಸಂಶೋಧನಾ ಕೇಂದ್ರಗಳಲ್ಲೂ ಇಂಥ ಕೋರ್‌ಗಳಿವೆ.

ಅಮೆರಿಕಕ್ಕೆ ಪಿಎಚ್‌ಡಿಗೋ ಪೋಸ್ಟ್‌ಡಾಕ್‌ಗೋ ಬಂದ ನಮ್ಮ ಕಡೆಯ ಹುಡುಗ ಹುಡುಗಿಯರು ತುಂಬಾ ಜನ ಇದೇ ಕೆಲಸದಲ್ಲಿದ್ದಾರೆ. ಅವರಿಗಾಗಿ, ಮತ್ತೆ ಬೆಂಗಳೂರಲ್ಲಿ ಕೂತು ಇದೇ ಪ್ರಯೋಗ ಮಾಡಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲಿ ಕೋರ್ ತಲುಪುವ ಹೊತ್ತಿಗೆ ನಿಮ್ಮ ಪ್ರಯೋಗ ಗೆಲ್ಲುತ್ತೋ ಸೋಲುತ್ತೋ ಅನ್ನೋದು ಹೆಚ್ಚುಕಮ್ಮಿ ತೀರ್ಮಾನ ಆಗಿರುತ್ತೆ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ತಪ್ಪು ಕಂಟ್ರೋಲ್ (ಹೋಲಿಕೆಗೆ ಇಡುವ ಮಾಮೂಲಿ ಇಲಿ) ಇಟ್ಟು ಬೆಳೆಸಿದ ಇಲಿಯನ್ನು ಅದು ಸರಿ ಮಾಡಲಾರದು.

ಹಂತ 1: ಪ್ರಶ್ನೆಯನ್ನು ಒಂದೇ ಸಾಲಲ್ಲಿ ಬರೆಯಿರಿ

"ನಮ್ಮ ಇಲಿಯ ಮೆಟಬಾಲಿಸಂ ನೋಡಬೇಕು" ಅನ್ನೋದು ಪ್ರಶ್ನೆ ಅಲ್ಲ. ಶುಗರ್ ಜಾಸ್ತಿ ಆಗೋಕೆ ಮುಖ್ಯವಾಗಿ ಮೂರು ದಾರಿ ಇವೆ. ಪ್ಯಾಂಕ್ರಿಯಾಸ್ ಸಾಕಷ್ಟು ಇನ್ಸುಲಿನ್ ಬಿಡುತ್ತಿಲ್ಲ. ಇಲ್ಲಾ, ಇನ್ಸುಲಿನ್ ಬಂದರೂ ಲಿವರ್ ಗ್ಲೂಕೋಸ್ ಸುರಿಯುವುದನ್ನು ನಿಲ್ಲಿಸುತ್ತಿಲ್ಲ. ಇಲ್ಲಾ, ಸ್ನಾಯು ಮತ್ತು ಕೊಬ್ಬು ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುತ್ತಿಲ್ಲ. ಈ ಮೂರರಲ್ಲಿ ಯಾವುದರ ಮೇಲೆ ನಿಮಗೆ ಅನುಮಾನ ಅಂತ ಬರೆದುಕೊಳ್ಳಿ.

ಅದಕ್ಕಿಂತ ಮೊದಲು ಇಲಿಗಳ ತೂಕ ನೋಡಿ. ನಾಕ್‌ಔಟ್, ಅಂದರೆ ಜೀನ್ ತೆಗೆದ ಇಲಿ ಕಂಟ್ರೋಲ್ ಇಲಿಗಿಂತ ದಪ್ಪ ಇದ್ದರೆ ಶುಗರ್ ಏರಿರುವುದು ದಪ್ಪ ಆಗಿದ್ದಕ್ಕೇ ಇರಬಹುದು. ಆಗ ನಿಮ್ಮ ಪ್ರಶ್ನೆ ಬೇರೆ: ಯಾಕೆ ದಪ್ಪ ಆಯಿತು? ಜಾಸ್ತಿ ತಿನ್ನುತ್ತಾ, ಕಡಿಮೆ ಓಡಾಡುತ್ತಾ, ಕಡಿಮೆ ಶಾಖ ಉತ್ಪಾದಿಸುತ್ತಾ? ಅಂಥವರು ಗ್ಲೂಕೋಸ್ ಪರೀಕ್ಷೆಗೆ ಮೊದಲು ಕ್ಯಾಲೊರಿಮೆಟ್ರಿ (ಇಲಿ ಎಷ್ಟು ಶಕ್ತಿ ಖರ್ಚು ಮಾಡುತ್ತೆ ಅಂತ ಅಳೆಯುವುದು) ಮಾಡಿಸಬೇಕು. ಅದನ್ನೂ ತೂಕದಲ್ಲಿ ಅಂತರ ಬರುವ ಮೊದಲು, ಅಥವಾ ಈಗಷ್ಟೇ ಬರುತ್ತಿರುವಾಗ. ಇಲಿ ಪೂರ್ತಿ ಡುಮ್ಮ ಆದ ಮೇಲೆ ಅಳೆದರೆ ಕಾರಣ ಯಾವುದು, ಪರಿಣಾಮ ಯಾವುದು ಅಂತ ಬಿಡಿಸೋದು ಕಷ್ಟ.

ತೂಕ ಒಂದೇ ಇದ್ದು ಶುಗರ್ ಮಾತ್ರ ಬೇರೆ ಇದ್ದರೆ ನೀವು ಅದೃಷ್ಟವಂತರು. ನೇರವಾಗಿ ಇನ್ಸುಲಿನ್ ಕಡೆ ಹೋಗಬಹುದು.

ಹಂತ 2: ಇಲಿ ಬೆಳೆಸೋಕೆ ಮೊದಲೇ ಕೋರ್‌ಗೆ ಬರೆಯಿರಿ

ತುಂಬಾ ಜನ ಇಲಿ ರೆಡಿ ಆದ ಮೇಲೆ ಬರೆಯುತ್ತಾರೆ. ಹಾಗೆ ಮಾಡಬೇಡಿ. ಕೋರ್ ನಡೆಸುವವರು ನೂರಾರು ಜನರ ಇಲಿಗಳನ್ನು ನೋಡಿರುತ್ತಾರೆ, ಯಾವ ಪ್ರಯೋಗ ಎಲ್ಲಿ ಕೆಡುತ್ತೆ ಅಂತ ಅವರಿಗೆ ಗೊತ್ತು. ಅರ್ಧ ಗಂಟೆ ಮಾತಾಡಿದರೆ ನಿಮ್ಮ ಒಂದು ವರ್ಷ ಉಳಿಯಬಹುದು, ಮತ್ತೆ ಈ ಮಾತುಕತೆಗೆ ಸಾಮಾನ್ಯವಾಗಿ ದುಡ್ಡೂ ತಗೊಳ್ಳುವುದಿಲ್ಲ.

ಒಂದು ಪುಟ ಸಾಕು. ಯಾವ ಜೀನ್, ಯಾವ ತಳಿ, ಗಂಡೋ ಹೆಣ್ಣೋ, ಎಷ್ಟು ವಾರದ್ದು, ಯಾವ ಆಹಾರ, ಕಂಟ್ರೋಲ್ ಯಾವುದು, ಈವರೆಗೆ ಏನು ಕಂಡಿದೆ, ನಿಮ್ಮ ಊಹೆ ಏನು. ಈಗಾಗಲೇ ಮಾಡಿದ ಗ್ಲೂಕೋಸ್ ಟೆಸ್ಟಿನ ಗ್ರಾಫ್ ಇದ್ದರೆ, ಅದು ಚೆನ್ನಾಗಿ ಬಂದಿಲ್ಲದಿದ್ದರೂ, ಸೇರಿಸಿ. "ಕ್ಲ್ಯಾಂಪ್ ಮಾಡಿಕೊಡಿ" (ಶುಗರನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟು ಮಾಡುವ ಟೆಸ್ಟ್, ಹಂತ 9ರಲ್ಲಿ ವಿವರ) ಅಂತ ಆರ್ಡರ್ ಕೊಡೋ ಬದಲು "ನಮ್ಮ ಪ್ರಶ್ನೆ ಇದು, ಯಾವ ಟೆಸ್ಟ್ ಸೂಕ್ತ?" ಅಂತ ಕೇಳಿ.

ಕೋರ್‌ಗಳ ಕ್ಯಾಲೆಂಡರ್ ತಿಂಗಳುಗಳ ಮುಂಚೆಯೇ ತುಂಬಿರುತ್ತೆ ಅನ್ನೋದೂ ನೆನಪಿರಲಿ. ಇಲಿಗೆ 14 ವಾರ ಆದಾಗ ಟೆಸ್ಟ್ ಬೇಕು ಅಂದರೆ ಅದು ಹುಟ್ಟುವ ಮೊದಲೇ ದಿನ ಗೊತ್ತು ಮಾಡಿಕೊಳ್ಳಬೇಕು.

ಹಂತ 3: ಸರಿಯಾದ ಇಲಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜಾಸ್ತಿ ಪ್ರಯೋಗಗಳು ಕೆಡುವುದು ಇಲ್ಲೇ.

ಡಯಾಬಿಟಿಸ್ ಕೆಲಸದಲ್ಲಿ ಹೆಚ್ಚಾಗಿ ಬಳಸುವ ಕಪ್ಪು ಇಲಿ ಸಿ57ಬಿಎಲ್/6. ಅದರಲ್ಲಿ ಎರಡು ಉಪತಳಿ ತುಂಬಾ ಬಳಕೆಯಲ್ಲಿವೆ. ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಲ್ಯಾಬೊರೇಟರಿಯಿಂದ ಬರುವ 6ಜೆ, ಮತ್ತೆ 6ಎನ್. ನೋಡೋಕೆ ಒಂದೇ ಥರ. ಆದರೆ 6ಜೆ ಇಲಿಯಲ್ಲಿ ಎನ್‌ಎನ್‌ಟಿ ಅನ್ನೋ ಜೀನಿನ ಒಂದು ತುಂಡು ಕಾಣೆಯಾಗಿದೆ. ಮೈಟೊಕಾಂಡ್ರಿಯಾದೊಳಗೆ ಕೆಲಸ ಮಾಡುವ ಪ್ರೋಟೀನ್ ಅದು. ಅದು ಇಲ್ಲದ ಇಲಿಗಳು ಗ್ಲೂಕೋಸನ್ನು ಸರಿಯಾಗಿ ನಿಭಾಯಿಸುವುದಿಲ್ಲ, ಇನ್ಸುಲಿನ್ ಕಡಿಮೆ ಬಿಡುತ್ತವೆ ಅಂತ ಕಂಡುಬಂದಿದೆ. ಈಗ ಯೋಚನೆ ಮಾಡಿ: ನಿಮ್ಮ ನಾಕ್‌ಔಟ್ 6ಎನ್ ಹಿನ್ನೆಲೆಯದ್ದು, ಕಂಟ್ರೋಲ್ ಅಂತ ಕ್ಯಾಟಲಾಗ್ ನೋಡಿ ತರಿಸಿದ್ದು 6ಜೆ. ಬರುವ ವ್ಯತ್ಯಾಸ ನಿಮ್ಮ ಜೀನಿನದೋ ಎನ್‌ಎನ್‌ಟಿಯದೋ? ಯಾವ ಯಂತ್ರವೂ ಇದಕ್ಕೆ ಉತ್ತರ ಕೊಡುವುದಿಲ್ಲ.

ಆದ್ದರಿಂದ ಕಂಟ್ರೋಲ್ ಯಾವಾಗಲೂ ಅದೇ ತಾಯಿಯ ಅದೇ ಸೂಲಿನ ಮರಿಗಳಿರಲಿ. ಒಂದೇ ಪಂಜರದಲ್ಲಿ ಬೆಳೆದಿದ್ದರೆ ಇನ್ನೂ ಒಳ್ಳೆಯದು. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುವುದರಿಂದ ಕರುಳಿನ ಬ್ಯಾಕ್ಟೀರಿಯಾ ಕೂಡ ಒಂದೇ ಥರ ಇರುತ್ತೆ. ಕ್ರೀ ಅನ್ನೋ ಡಿಎನ್‌ಎ ಕತ್ತರಿಸುವ ಕಿಣ್ವ ಬಳಸಿ ಒಂದೇ ಅಂಗದಲ್ಲಿ ಜೀನ್ ತೆಗೆದಿದ್ದರೆ, ಕ್ರೀ ಮಾತ್ರ ಇರುವ ಇಲಿಗಳನ್ನೂ ಒಂದು ಗುಂಪಾಗಿ ಇಡಿ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಕ್ಕೆ ಬಳಸುವ ಕೆಲವು ಕ್ರೀ ತಳಿಗಳಲ್ಲಿ ಕ್ರೀ ಒಂದೇ ಇದ್ದರೂ ಗ್ಲೂಕೋಸ್ ಫಲಿತಾಂಶ ಏರುಪೇರಾಗುತ್ತೆ, ಮತ್ತೆ ಕೆಲವು ಮೆದುಳಲ್ಲೂ ಕೆಲಸ ಮಾಡಿಬಿಡುತ್ತವೆ. ಇದು ಈ ಕ್ಷೇತ್ರದಲ್ಲಿ ಹಳೆಯ ತಲೆನೋವು.

ಗಂಡು ಹೆಣ್ಣು ಎರಡೂ ಬೇಕು. ಸಂಶೋಧನೆಗೆ ದುಡ್ಡು ಕೊಡುವ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಎನ್‌ಐಎಚ್, 2016ರಿಂದ ಅನುದಾನದ ಅರ್ಜಿಗಳಲ್ಲಿ ಇದನ್ನು ಕೇಳುತ್ತಿದೆ. ಕೊಬ್ಬಿನ ಆಹಾರ ಕೊಟ್ಟಾಗ ಗಂಡು ಸಿ57ಬಿಎಲ್/6 ಇಲಿಗಳು ಬೇಗ ದಪ್ಪ ಆಗಿ ಶುಗರ್ ಏರಿಸಿಕೊಳ್ಳುತ್ತವೆ, ಹೆಣ್ಣಿಲಿಗಳು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹಾಗಂತ ಹೆಣ್ಣನ್ನು ಬಿಟ್ಟುಬಿಟ್ಟರೆ ಅರ್ಧ ಉತ್ತರ ಮಾತ್ರ ಸಿಗುತ್ತೆ. ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಒಟ್ಟಿಗೆ ಕಲಸಬೇಡಿ.

ಆಹಾರದ ವಿಷಯಕ್ಕೆ ಬಂದರೆ, ದಪ್ಪ ಮಾಡಲು ಹೆಚ್ಚು ಜನ ಬಳಸುವುದು ರಿಸರ್ಚ್ ಡಯಟ್ಸ್ ಕಂಪನಿಯ ಡಿ12492. ಅದರಲ್ಲಿ 60% ಕ್ಯಾಲೊರಿ ಕೊಬ್ಬಿನಿಂದ ಬರುತ್ತೆ. ಇದಕ್ಕೆ ಕಂಟ್ರೋಲ್ ಅಂತ ಸುಮ್ನೆ ಮಾಮೂಲಿ ಧಾನ್ಯದ ಉಂಡೆ ಕೊಡಬೇಡಿ. ಧಾನ್ಯದ ಆಹಾರದಲ್ಲಿ ನಾರು, ಸೋಯಾದ ಅಂಶಗಳು, ಎಲ್ಲವೂ ಬೇರೆ. ಅದೇ ಥರ ತಯಾರಿಸಿದ 10% ಕೊಬ್ಬಿನ ಆಹಾರ ಸಿಗುತ್ತೆ, ಡಿ12450ಜೆ ಅಂತ, ಸಕ್ಕರೆ ಪ್ರಮಾಣವೂ ಡಿ12492ಕ್ಕೆ ಹೊಂದುತ್ತೆ. ಅದನ್ನು ಬಳಸಿ. ಇಲಿ ಕೋರ್‌ಗೆ ಹೋದಾಗ ಆಹಾರವೂ ಜೊತೆಗೇ ಹೋಗಬೇಕು. ಅಲ್ಲಿ ಒಂದು ವಾರ ಬೇರೆ ಆಹಾರ ತಿಂದರೆ ನೀವು ಮೂರು ತಿಂಗಳು ಪಟ್ಟ ಶ್ರಮ ಹಾಳು.

ಗುಂಪಿಗೆ ಎಷ್ಟು ಇಲಿ? ಗ್ಲೂಕೋಸ್ ಟೆಸ್ಟಿಗೆ 8ರಿಂದ 12 ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ, ಆದರೆ ನಿಮ್ಮ ಹಳೆಯ ದತ್ತಾಂಶದ ಏರಿಳಿತ ನೋಡಿ ಲೆಕ್ಕ ಹಾಕುವುದೇ ಸರಿ. ಕ್ಲ್ಯಾಂಪ್ ಇದ್ದರೆ ಕೆಲವು ಹೆಚ್ಚುವರಿ ಇಲಿ ಕಳಿಸಿ. ಆಪರೇಷನ್ ಆದ ಎಲ್ಲ ಇಲಿಗಳೂ ಕೊನೆವರೆಗೆ ಬರುವುದಿಲ್ಲ.

ಹಂತ 4: ಕಾಗದ ಪತ್ರ ಮತ್ತು ಪ್ರಯಾಣ

ಬೇಜಾರಿನ ಕೆಲಸ, ಆದರೆ ತಪ್ಪಿಸೋಕಾಗಲ್ಲ. ನಿಮ್ಮ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿ, ಕೋರ್ ಇರುವ ಕಡೆಯ ಅನುಮತಿ, ಇಲಿ ಬೇರೆಯವರದ್ದಾದರೆ ಅವರ ಜೊತೆಗಿನ ಒಪ್ಪಂದ ಇಷ್ಟು ಬೇಕು. ಅದರ ಜೊತೆ ಇಲಿ ಕೋಣೆಯ ಆರೋಗ್ಯ ವರದಿ. ಪಿನ್‌ವರ್ಮ್, ಇಲಿಗಳ ಹೆಪಟೈಟಿಸ್ ವೈರಸ್, ಪಾರ್ವೊ ವೈರಸ್ ಇಂಥವು ಪಟ್ಟಿಯಲ್ಲಿ ಕಂಡರೆ ಕೋರ್ ಬಾಗಿಲು ತೆರೆಯುವುದಿಲ್ಲ. ಅಲ್ಲಿ ಇನ್ನೂ ಹತ್ತು ಲ್ಯಾಬಿನ ಇಲಿಗಳಿವೆ, ಅವರ ದೃಷ್ಟಿಯಿಂದ ಅದು ಸರಿಯೇ ಅಲ್ವಾ. ವರದಿಯನ್ನು ಮೊದಲ ಇಮೇಲ್ ಜೊತೆಗೇ ಕಳಿಸಿಬಿಡಿ, ತೊಡಕು ಇದ್ದರೆ ಆಗಲೇ ಗೊತ್ತಾಗಲಿ.

ವಾರದ ಮೊದಲರ್ಧದಲ್ಲಿ ಕಳಿಸಿ. ಶುಕ್ರವಾರ ಹೊರಟ ಪೆಟ್ಟಿಗೆ ವಾರಾಂತ್ಯದಲ್ಲಿ ಎಲ್ಲೋ ಗೋದಾಮಲ್ಲಿ ಕೂತರೆ ಇಲಿಗಳಿಗೆ ಹಿಂಸೆ. ಪ್ರಯಾಣದಲ್ಲಿ ಇಲಿಗಳ ತೂಕ ಇಳಿಯುತ್ತೆ, ನಿದ್ದೆಯ ಲಯ ಕೆಡುತ್ತೆ. ತಲುಪಿದ ಮೇಲೆ ಕನಿಷ್ಠ ಒಂದು ವಾರ ಸುಧಾರಿಸಿಕೊಳ್ಳಲು ಬಿಡಬೇಕು, ಕ್ವಾರಂಟೈನ್ ಇದ್ದರೆ ಇನ್ನೂ ಜಾಸ್ತಿ. ವಯಸ್ಸಿನ ಲೆಕ್ಕದಲ್ಲಿ ಈ ವಾರಗಳನ್ನೂ ಸೇರಿಸಿಕೊಳ್ಳಿ.

ಯಾವ ಇಲಿ ನಾಕ್‌ಔಟ್, ಯಾವುದು ಕಂಟ್ರೋಲ್ ಅಂತ ಕೋರ್‌ಗೆ ಹೇಳಬೇಡಿ. ಕಿವಿಯ ನಂಬರ್ ಮಾತ್ರ ಕೊಡಿ. ಅವರೂ ಅದನ್ನೇ ಇಷ್ಟಪಡುತ್ತಾರೆ. ಆದರೆ ಒಂದು ದಿನದ ಟೆಸ್ಟಿನಲ್ಲಿ ಎರಡೂ ಗುಂಪಿನ ಇಲಿಗಳು ಬೆರೆತಿರುವ ಹಾಗೆ ನಂಬರ್‌ಗಳ ಪಟ್ಟಿ ನೀವೇ ಮಾಡಿಕೊಡಿ. ಸೋಮವಾರ ಎಲ್ಲ ನಾಕ್‌ಔಟ್, ಮಂಗಳವಾರ ಎಲ್ಲ ಕಂಟ್ರೋಲ್ ಆದರೆ ನೀವು ಅಳೆದದ್ದು ದಿನದ ವ್ಯತ್ಯಾಸವನ್ನೇ ಹೊರತು ಜೀನನ್ನಲ್ಲ.

ಹಂತ 5: ಟೆಸ್ಟುಗಳ ಸರದಿ

ಇಲಿಗೆ ಕಡಿಮೆ ತೊಂದರೆ ಕೊಡುವುದು ಮೊದಲು, ಜಾಸ್ತಿ ತೊಂದರೆಯದ್ದು ಕೊನೆಗೆ. ಮೊದಲು ಮೈಯ ಕೊಬ್ಬು ಮತ್ತು ಮಾಂಸ ಅಳೆಯುವುದು. ಇಲಿಯನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಕೂರಿಸಿ ಎಕೋ ಎಂಆರ್‌ಐ ಥರದ ಯಂತ್ರದೊಳಗೆ ಇಟ್ಟರೆ ಅರಿವಳಿಕೆ ಇಲ್ಲದೆ ಒಂದೆರಡು ನಿಮಿಷದಲ್ಲಿ ಮುಗಿಯುತ್ತೆ. ಆಮೇಲೆ ಕ್ಯಾಲೊರಿಮೆಟ್ರಿ. ಆಮೇಲೆ ಗ್ಲೂಕೋಸ್ ಟಾಲರೆನ್ಸ್ ಟೆಸ್ಟ್, ಅದಾಗಿ ಕನಿಷ್ಠ ಒಂದು ವಾರ ಬಿಟ್ಟು ಇನ್ಸುಲಿನ್ ಟಾಲರೆನ್ಸ್ ಟೆಸ್ಟ್. ಕ್ಲ್ಯಾಂಪ್ ಕೊನೆಯದು, ಯಾಕಂದರೆ ಅದು ಮುಗಿದಾಗ ಇಲಿಯ ಅಂಗಾಂಶಗಳನ್ನು ತೆಗೆದುಕೊಳ್ಳುತ್ತಾರೆ. ಎಲ್ಲ ಟೆಸ್ಟನ್ನೂ ಒಂದೇ ಇಲಿಗಳ ಮೇಲೆ ಮಾಡಬೇಕು ಅಂತೇನಿಲ್ಲ. ಕ್ಲ್ಯಾಂಪ್‌ಗೆ ಬೇರೆ ಗುಂಪನ್ನೇ ಇಡುವುದು ನನ್ನ ಪ್ರಕಾರ ಉತ್ತಮ.

ಹಂತ 6: ಕ್ಯಾಲೊರಿಮೆಟ್ರಿ

ಇಲಿ ಉಸಿರಾಡುವ ಆಮ್ಲಜನಕ, ಬಿಡುವ ಇಂಗಾಲದ ಡೈಆಕ್ಸೈಡ್, ತಿಂದದ್ದು, ಕುಡಿದದ್ದು, ಓಡಾಡಿದ್ದು ಎಲ್ಲವನ್ನೂ ವಿಶೇಷ ಪಂಜರದಲ್ಲಿಟ್ಟು ಹಗಲು ರಾತ್ರಿ ಅಳೆಯುತ್ತಾರೆ. ಹೊರಬಂದ ಡೈಆಕ್ಸೈಡನ್ನು ಒಳಹೋದ ಆಮ್ಲಜನಕದಿಂದ ಭಾಗಿಸಿದರೆ ಸಿಗುವ ಅನುಪಾತ 0.7ರ ಹತ್ತಿರ ಇದ್ದರೆ ಇಲಿ ಕೊಬ್ಬು ಸುಡುತ್ತಿದೆ, 1ರ ಹತ್ತಿರ ಇದ್ದರೆ ಕಾರ್ಬೊಹೈಡ್ರೇಟ್.

ಗಮನಿಸಬೇಕಾದ್ದು ಮೂರು. ಈ ಪಂಜರಗಳಲ್ಲಿ ಇಲಿ ಒಂಟಿ. ಗುಂಪಲ್ಲಿ ಒತ್ತಿಕೊಂಡು ಮಲಗೋ ಪ್ರಾಣಿಗೆ ಅದು ಹೊಸದು, ಚಳಿಯೂ ಜಾಸ್ತಿ. ಅದಕ್ಕೆ ಕೆಲವು ದಿನ ಮೊದಲೇ ಒಂಟಿಯಾಗಿಟ್ಟು ಅಭ್ಯಾಸ ಮಾಡಿಸಿ, ಮತ್ತೆ ಯಂತ್ರದೊಳಗಿನ ಮೊದಲ ದಿನದ ದತ್ತಾಂಶವನ್ನು ಲೆಕ್ಕಕ್ಕೆ ತಗೋಬೇಡಿ. ಎರಡನೆಯದು ಕೋಣೆಯ ಉಷ್ಣತೆ. ನಮಗೆ ಹಾಯಾಗಿರುವ 22 ಡಿಗ್ರಿ ಸೆಲ್ಸಿಯಸ್ ಇಲಿಗೆ ಚಳಿ. ಮೈ ಬೆಚ್ಚಗೆ ಇಟ್ಟುಕೊಳ್ಳೋಕೇ ಅದರ ಶಕ್ತಿಯ ದೊಡ್ಡ ಪಾಲು ಖರ್ಚಾಗುತ್ತೆ. ಇಲಿಗೆ ಹಿತ ಅನ್ನಿಸುವುದು 30 ಡಿಗ್ರಿ ಆಸುಪಾಸಲ್ಲಿ. ಕಂದು ಕೊಬ್ಬು, ಶಾಖ ಉತ್ಪಾದನೆ ನಿಮ್ಮ ವಿಷಯ ಆಗಿದ್ದರೆ ಎರಡೂ ಉಷ್ಣತೆಯಲ್ಲಿ ಅಳೆಯಲು ಆಗುತ್ತಾ ಅಂತ ಕೇಳಿ.

ಮೂರನೆಯದು ಲೆಕ್ಕ. ಖರ್ಚಾದ ಶಕ್ತಿಯನ್ನು ಇಲಿಯ ತೂಕದಿಂದ ಭಾಗಿಸಬೇಡಿ. ದಪ್ಪ ಇಲಿಯ ತೂಕದಲ್ಲಿ ಹೆಚ್ಚಿನದು ಕೊಬ್ಬು, ಕೊಬ್ಬು ಮಾಂಸಖಂಡದಷ್ಟು ಶಕ್ತಿ ಸುಡುವುದಿಲ್ಲ. ಭಾಗಿಸಿದ ಕೂಡಲೇ ದಪ್ಪ ಇಲಿ ಸೋಮಾರಿ ಥರ ಕಾಣುತ್ತೆ, ನಿಜದಲ್ಲಿ ಅದು ಒಟ್ಟಾರೆ ಜಾಸ್ತಿಯೇ ಸುಡುತ್ತಿರಬಹುದು. ಮಾಂಸದ ತೂಕ, ಕೊಬ್ಬಿನ ತೂಕ ಇವನ್ನು ಲೆಕ್ಕಕ್ಕೆ ಸೇರಿಸಿಕೊಂಡು ಗುಂಪುಗಳನ್ನು ಹೋಲಿಸುವ ಆನ್‌ಕೋವಾ ಅನ್ನೋ ಸಂಖ್ಯಾಶಾಸ್ತ್ರದ ವಿಧಾನ ಬಳಸಿ. ಕ್ಯಾಲ್-ಆರ್ ಅನ್ನೋ ಉಚಿತ ವೆಬ್ ಸಾಧನದಲ್ಲಿ ಇದು ಸುಲಭ, ದೊಡ್ಡ ಮೂರು ಕಂಪನಿಗಳ ಯಂತ್ರಗಳ ಫೈಲನ್ನೂ ಅದು ಓದುತ್ತೆ.

ಹಂತ 7: ಗ್ಲೂಕೋಸ್ ಟಾಲರೆನ್ಸ್ ಟೆಸ್ಟ್

ಇಲಿಗೆ ಗ್ಲೂಕೋಸ್ ಕೊಟ್ಟು ಶುಗರ್ ಎಷ್ಟು ಬೇಗ ಇಳಿಯುತ್ತೆ ಅಂತ ನೋಡುವ ಟೆಸ್ಟ್ ಇದು, ನಿಮ್ಮ ಲ್ಯಾಬಲ್ಲೇ ಮಾಡಬಹುದು. ಗ್ಲೂಕೋಮೀಟರ್, ಸ್ಟ್ರಿಪ್, ತಕ್ಕಡಿ, ಟೈಮರ್ ಇದ್ದರೆ ಸಾಕು. ಸುಲಭ ಅನ್ನೋ ಕಾರಣಕ್ಕೇ ಇದನ್ನು ಕೆಡಿಸುವವರೂ ಜಾಸ್ತಿ.

ಮೊದಲು ಉಪವಾಸ. ರಾತ್ರಿಯಿಡೀ ಉಪವಾಸ ಕೆಡವುವ ಪದ್ಧತಿ ಇನ್ನೂ ಎಷ್ಟೋ ಲ್ಯಾಬಲ್ಲಿದೆ. ಇಲಿ ಮುಖ್ಯವಾಗಿ ತಿನ್ನುವುದೇ ರಾತ್ರಿ. ಇಡೀ ರಾತ್ರಿ ಊಟ ತಪ್ಪಿಸಿದರೆ ಅದರ ತೂಕ ಎದ್ದು ಕಾಣುವಷ್ಟು ಇಳಿಯುತ್ತೆ, ಲಿವರಿನಲ್ಲಿ ಕೂಡಿಟ್ಟ ಗ್ಲೂಕೋಸ್, ಅಂದರೆ ಗ್ಲೈಕೋಜನ್, ಖಾಲಿಯಾಗುತ್ತೆ, ಅದು ಹಸಿವಿನ ಸ್ಥಿತಿಗೇ ಹೋಗಿಬಿಡುತ್ತೆ. ನಮಗೆ ಒಂದು ರಾತ್ರಿ ಊಟ ಬಿಟ್ಟ ಹಾಗಲ್ಲ ಅದು. ಬೆಳಗ್ಗೆ 7 ಅಥವಾ 8 ಗಂಟೆಗೆ ಆಹಾರ ತೆಗೆದು, ಮಧ್ಯಾಹ್ನ 1 ಅಥವಾ 2ಕ್ಕೆ ಟೆಸ್ಟ್ ಮಾಡಿ. 5-6 ಗಂಟೆ ಸಾಕು. ಆಹಾರ ತೆಗೆದಾಗ ಹಾಸನ್ನೂ ಬದಲಾಯಿಸಿ, ಅದರಲ್ಲಿ ಬಿದ್ದ ಚೂರುಗಳನ್ನು ಇಲಿ ಹುಡುಕಿ ತಿನ್ನುತ್ತೆ. ನೀರು ಇರಲಿ.

ಆಮೇಲೆ ಡೋಸ್. ಹೊಟ್ಟೆಯೊಳಗೆ ಚುಚ್ಚುವುದಾದರೆ ಒಂದು ಕಿಲೋ ತೂಕಕ್ಕೆ 2 ಗ್ರಾಂ ಗ್ಲೂಕೋಸ್ ಅನ್ನೋದು ರೂಢಿ. 20% ದ್ರಾವಣ ಮಾಡಿಕೊಂಡರೆ ಒಂದು ಗ್ರಾಂ ಇಲಿಗೆ 10 ಮೈಕ್ರೋಲೀಟರ್. 25 ಗ್ರಾಂ ಇಲಿಗೆ 250 ಮೈಕ್ರೋಲೀಟರ್, ಅಂದರೆ 50 ಮಿಲಿಗ್ರಾಂ ಗ್ಲೂಕೋಸ್. ಈಗ ಕೊಬ್ಬಿನ ಆಹಾರ ತಿಂದ 45 ಗ್ರಾಂ ಇಲಿ ತಗೊಳ್ಳಿ. ಅದೇ ಲೆಕ್ಕದಲ್ಲಿ 90 ಮಿಲಿಗ್ರಾಂ ಹೋಗುತ್ತೆ. ಆದರೆ ಆ ಹೆಚ್ಚುವರಿ 20 ಗ್ರಾಂನಲ್ಲಿ ಬಹುಪಾಲು ಕೊಬ್ಬು. ಗ್ಲೂಕೋಸನ್ನು ಮುಖ್ಯವಾಗಿ ಬಳಸಿಕೊಳ್ಳುವ ಸ್ನಾಯು ಎರಡು ಇಲಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಇದೆ. ಒಂದೇ ಅಳತೆಯ ಸ್ನಾಯುವಿಗೆ ಸುಮಾರು ಎರಡು ಪಟ್ಟು ಗ್ಲೂಕೋಸ್ ಸುರಿದು "ನೋಡಿ, ದಪ್ಪ ಇಲಿಗೆ ಶುಗರ್ ಇಳಿಯುತ್ತಿಲ್ಲ" ಅಂದರೆ ಹೇಗೆ? ತೂಕ ಬೇರೆ ಬೇರೆ ಇರುವ ಗುಂಪುಗಳಿಗೆ ಮಾಂಸದ ತೂಕದ ಮೇಲೆ ಡೋಸ್ ಲೆಕ್ಕ ಹಾಕಿ, ಇಲ್ಲವೇ ಎಲ್ಲಕ್ಕೂ ಒಂದೇ ಡೋಸ್ ಕೊಡಿ. ಯಾವುದೇ ಮಾಡಿ, ಪೇಪರಿನಲ್ಲಿ ಸ್ಪಷ್ಟವಾಗಿ ಬರೆಯಿರಿ.

ರಕ್ತ ಬಾಲದ ತುದಿಯಿಂದ. 0, 15, 30, 60, 90, 120 ನಿಮಿಷ. ಪ್ರತಿ ಸಲ ಒಂದು ಸಣ್ಣ ಹನಿ ಸಾಕು, ಮೊದಲ ಹನಿ ಒರೆಸಿ ಎರಡನೆಯದನ್ನು ಸ್ಟ್ರಿಪ್‌ಗೆ ಮುಟ್ಟಿಸಿ. ಬಾಲವನ್ನು ಹಿಂಡಬೇಡಿ. ಇಲಿಗೆ ಗಾಬರಿಯಾದರೆ ಅಡ್ರಿನಲಿನ್ ಏರಿ ಶುಗರ್ ತಾನೇ ಹಾರುತ್ತೆ, ಆಗ ನೀವು ಅಳೆಯುವುದು ಭಯವನ್ನು. ಅದಕ್ಕೆ ಹಿಂದಿನ ಕೆಲವು ದಿನ ಇಲಿಗಳನ್ನು ಕೈಯಲ್ಲಿ ಹಿಡಿದು ರೂಢಿ ಮಾಡಿಸಿ, ಟೆಸ್ಟ್ ದಿನ ಕೋಣೆಯಲ್ಲಿ ಗದ್ದಲ ಬೇಡ, ಬಾಗಿಲು ಪದೇ ಪದೇ ತೆರೆಯುವುದೂ ಬೇಡ. ಮೀಟರ್ ಅಂಕಿ ತೋರಿಸದೆ ಬರೀ "ಹೈ" ಅಂದರೆ ಅದರ ಮಿತಿ ದಾಟಿದೆ ಅಂತ ಅರ್ಥ. ಆ ಜಾಗದಲ್ಲಿ ಊಹೆಯ ಅಂಕಿ ಹಾಕಬೇಡಿ. ರಕ್ತವನ್ನು ಉಳಿಸಿ ಬೇರೆ ವಿಧಾನದಲ್ಲಿ ಅಳೆಸಿ.

0, 15, 30 ನಿಮಿಷಗಳಲ್ಲಿ ಇನ್ಸುಲಿನ್‌ಗೂ ಸ್ವಲ್ಪ ರಕ್ತ ಹಿಡಿದಿಡಿ. ಇದನ್ನು ಬಿಡಲೇಬೇಡಿ. ಗ್ಲೂಕೋಸ್ ಗ್ರಾಫ್ ಒಂದೇ ನೋಡಿದರೆ ಇನ್ಸುಲಿನ್ ಕಡಿಮೆ ಬಂತಾ, ಬಂದದ್ದು ಕೆಲಸ ಮಾಡಲಿಲ್ಲವಾ ಅಂತ ಹೇಳೋಕಾಗಲ್ಲ. ಎರಡೂ ಗ್ರಾಫ್ ಪಕ್ಕಪಕ್ಕ ಇಟ್ಟರೆ ಮುಂದಿನ ದಾರಿ ಕಾಣುತ್ತೆ.

ಆದರೆ ರಕ್ತದ ಲೆಕ್ಕ ಇಡಿ. 25 ಗ್ರಾಂ ಇಲಿಯ ಮೈಯಲ್ಲಿ ಇರುವುದೇ ಸುಮಾರು 2 ಮಿಲಿಲೀಟರ್‌ನಷ್ಟು ರಕ್ತ. ಅದರ 10%ಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ತೆಗೆಯಬಾರದು. ಅಂದರೆ ಎಲ್ಲ ಸೇರಿ 200 ಮೈಕ್ರೋಲೀಟರ್ ಒಳಗೇ ಮುಗಿಸಬೇಕು. ಇನ್ಸುಲಿನ್ ಅಳೆಯುವ ಈಗಿನ ಎಲೈಸಾ ಕಿಟ್‌ಗಳಿಗೆ 5-10 ಮೈಕ್ರೋಲೀಟರ್ ಪ್ಲಾಸ್ಮಾ ಸಾಕಾಗುತ್ತೆ.

ಹಂತ 8: ಇನ್ಸುಲಿನ್ ಟಾಲರೆನ್ಸ್ ಟೆಸ್ಟ್

ಇನ್ಸುಲಿನ್ ಚುಚ್ಚಿ ಶುಗರ್ ಎಷ್ಟು ಇಳಿಯುತ್ತೆ ಅಂತ ನೋಡುವ ಟೆಸ್ಟ್ ಇದು. ಡೋಸ್ ಕಿಲೋಗೆ 0.5ರಿಂದ 1 ಯೂನಿಟ್. ಔಷಧಿ ಅಂಗಡಿಯ ರೆಗ್ಯುಲರ್ ಇನ್ಸುಲಿನ್ 1 ಮಿಲಿಲೀಟರ್‌ಗೆ 100 ಯೂನಿಟ್ ಇದ್ದರೆ ಅದನ್ನು ಸಾವಿರ ಪಟ್ಟು ತೆಳು ಮಾಡಬೇಕು. ಆಗ ಮಿಲಿಲೀಟರ್‌ಗೆ 0.1 ಯೂನಿಟ್. 0.75 ಯೂನಿಟ್ ಡೋಸಿಗೆ ಗ್ರಾಂಗೆ 7.5 ಮೈಕ್ರೋಲೀಟರ್. ಈ ಗುಣಾಕಾರವನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಿ ತಾಳೆ ನೋಡಿ, ಒಂದು ಸೊನ್ನೆ ತಪ್ಪಿದರೆ ಇಲಿ ಸಾಯುತ್ತೆ. ಪಕ್ಕದಲ್ಲಿ ಗ್ಲೂಕೋಸ್ ದ್ರಾವಣ ತುಂಬಿದ ಸಿರಿಂಜ್ ಸಿದ್ಧ ಇರಲಿ. ಯಾವ ಅಂಕಿಗಿಂತ ಕೆಳಗೆ ಹೋದರೆ ಗ್ಲೂಕೋಸ್ ಕೊಟ್ಟು ಆ ಇಲಿಯ ಟೆಸ್ಟ್ ನಿಲ್ಲಿಸಬೇಕು ಅನ್ನೋದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಫಲಿತಾಂಶವನ್ನು ಶೇಕಡಾವಾರಿನಲ್ಲಿ ಮಾತ್ರ ತೋರಿಸಬೇಡಿ. ಶುರುವಿನ ಶುಗರ್ ಬೇರೆ ಬೇರೆ ಇದ್ದಾಗ ಶೇಕಡಾ ಲೆಕ್ಕ ಮೋಸ ಮಾಡುತ್ತೆ. ನಿಜವಾದ ಅಂಕಿಗಳ ಗ್ರಾಫೂ ಇರಲಿ.

ಹಂತ 9: ಕ್ಲ್ಯಾಂಪ್

ಇನ್ಸುಲಿನ್ ಯಾವ ಅಂಗದಲ್ಲಿ ಸೋಲುತ್ತಿದೆ ಅಂತ ಹೇಳುವ ಟೆಸ್ಟ್ ಇದು. ಜನರಲ್ಲಿ ಇದನ್ನು ಹೇಗೆ ಮಾಡಬೇಕು ಅನ್ನೋದನ್ನು ರಾಲ್ಫ್ ಡಿಫ್ರಾಂಜೊ ಮತ್ತು ಜೊತೆಗಾರರು 1979ರಲ್ಲಿ ವಿವರಿಸಿದರು. ಇಲಿಯ ಗಾತ್ರಕ್ಕೆ ಅದನ್ನು ಇಳಿಸಿದ್ದು ದೊಡ್ಡ ಸಾಧನೆ ಅಂತಲೇ ನಾನು ಭಾವಿಸುತ್ತೇನೆ, ಕೋರ್ ಲ್ಯಾಬ್‌ಗಳು ಇರಲೇಬೇಕು ಅನ್ನೋದಕ್ಕೆ ಇದೊಂದೇ ಟೆಸ್ಟ್ ಸಾಕು.

ವ್ಯಾಂಡರ್‌ಬಿಲ್ಟ್‌ನವರ ಪದ್ಧತಿಯಲ್ಲಿ ಮೊದಲು ಆಪರೇಷನ್. ಕತ್ತಿನ ಕ್ಯಾರೋಟಿಡ್ ಅಪಧಮನಿಗೆ ಒಂದು ಕ್ಯಾಥೆಟರ್, ಜುಗುಲರ್ ಅಭಿಧಮನಿಗೆ ಇನ್ನೊಂದು. ಎರಡನ್ನೂ ಚರ್ಮದಡಿ ತೂರಿಸಿ ಬೆನ್ನ ಮೇಲೆ ಹೊರತೆಗೆಯುತ್ತಾರೆ. ಆಮೇಲೆ ಐದಾರು ದಿನ ಸುಧಾರಿಕೆ. ಆಪರೇಷನ್‌ಗೆ ಮುಂಚಿನ ತೂಕದ 10% ಒಳಗೆ ಮರಳಿ ಬರದ ಇಲಿಯನ್ನು ಬಳಸುವುದಿಲ್ಲ. ಅರೆಹೊಟ್ಟೆಯ, ನೋವಲ್ಲಿರುವ ಇಲಿಯ ಇನ್ಸುಲಿನ್ ಸ್ಪಂದನೆಗೆ ಅರ್ಥವಿಲ್ಲ.

ಕ್ಲ್ಯಾಂಪ್ ದಿನ ನೋಡಲು ಅವಕಾಶ ಸಿಕ್ಕರೆ ಖಂಡಿತ ಹೋಗಿ. ಇಲಿಯನ್ನು ಯಾರೂ ಹಿಡಿದಿರುವುದಿಲ್ಲ. ಅದು ಡಬ್ಬದಲ್ಲಿ ತನ್ನ ಪಾಡಿಗೆ ಓಡಾಡುತ್ತಲೋ ಮಲಗಿಯೋ ಇರುತ್ತೆ, ಬೆನ್ನಿಂದ ಎರಡು ತೆಳು ಕೊಳವೆ ಮೇಲಕ್ಕೆ ಹೋಗಿ ತಿರುಗುವ ಕೀಲಿಗೆ ಸೇರಿರುತ್ತವೆ. ಒಂದು ಪಂಪ್ ಇನ್ಸುಲಿನ್ ಅನ್ನು ಒಂದೇ ವೇಗದಲ್ಲಿ ಹನಿಸುತ್ತೆ. ಇನ್ನೊಂದು ಗ್ಲೂಕೋಸ್ ಪಂಪ್, ಅದರ ಗುಂಡಿ ಮನುಷ್ಯರ ಕೈಯಲ್ಲಿ. ಪ್ರತಿ 10 ನಿಮಿಷಕ್ಕೆ ಅಪಧಮನಿಯ ಕೊಳವೆಯಿಂದ ಹನಿ ರಕ್ತ, ಮೀಟರ್, ಅಂಕಿ. 112 ಬಂತು, ಗ್ಲೂಕೋಸ್ ಸ್ವಲ್ಪ ಏರಿಸು. 139 ಬಂತು, ಸ್ವಲ್ಪ ಇಳಿಸು. ಹೀಗೆ ಎರಡು ಗಂಟೆ ಶುಗರನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತಾರೆ. ತೆಗೆದ ರಕ್ತದ ಬದಲಿಗೆ ಬೇರೆ ಇಲಿಯಿಂದ ಪಡೆದು ತೊಳೆದ ಕೆಂಪು ರಕ್ತಕಣಗಳನ್ನೂ ನಿಧಾನಕ್ಕೆ ಕೊಡುತ್ತಿರುತ್ತಾರೆ. ಇಲಿಗೆ ಗಾಬರಿಯಾಗದ ಹಾಗೆ ಇಷ್ಟೆಲ್ಲ ಮಾಡುವ ಆ ಟೆಕ್ನಿಷಿಯನ್‌ಗಳ ಕೈಗೆ ನಾನು ತಲೆಬಾಗುತ್ತೇನೆ.

ಶುಗರ್ ನಿಂತಲ್ಲಿ ನಿಲ್ಲಿಸಲು ಎಷ್ಟು ಗ್ಲೂಕೋಸ್ ಬೇಕಾಯಿತೋ ಅದೇ ಒಟ್ಟು ಇನ್ಸುಲಿನ್ ಸ್ಪಂದನೆಯ ಅಳತೆ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಕಡಿಮೆ ಗ್ಲೂಕೋಸ್ ಸಾಕಾಯಿತು ಅಂದರೆ ಲಿವರ್ ಸುರಿಯುವುದನ್ನು ನಿಲ್ಲಿಸಲಿಲ್ಲವೋ, ಸ್ನಾಯು ಎಳೆದುಕೊಳ್ಳಲಿಲ್ಲವೋ? ಇದನ್ನು ಬಿಡಿಸಲು ಟ್ರೀಷಿಯಂ ಅನ್ನೋ ವಿಕಿರಣಶೀಲ ಗುರುತು ಹಾಕಿದ ಗ್ಲೂಕೋಸ್ ಕೊಡುತ್ತಾರೆ, ಅದರಿಂದ ಲಿವರಿನ ಪಾಲು ಲೆಕ್ಕ ಸಿಗುತ್ತೆ. ಕೊನೆಯ ಭಾಗದಲ್ಲಿ ಕಾರ್ಬನ್-14 ಗುರುತಿನ 2-ಡಿಆಕ್ಸಿಗ್ಲೂಕೋಸ್ ಕೊಡುತ್ತಾರೆ. ಅದು ಗ್ಲೂಕೋಸ್ ಥರವೇ ಜೀವಕೋಶದೊಳಗೆ ಹೋಗುತ್ತೆ, ಆದರೆ ಮುಂದೆ ಸುಡಲಾಗದೆ ಒಳಗೇ ಸಿಕ್ಕಿಕೊಳ್ಳುತ್ತೆ. ಆಮೇಲೆ ತೊಡೆಯ ಸ್ನಾಯು, ಹೃದಯ, ಕೊಬ್ಬು ಒಂದೊಂದರಲ್ಲೂ ಎಷ್ಟು ಸೇರಿದೆ ಅಂತ ಅಳೆದರೆ ಅಂಗವಾರು ಉತ್ತರ. ಈ ಎರಡೂ ಗುರುತು ಸೇರಿಸಿಯೇ ಆರ್ಡರ್ ಕೊಡಿ. ದುಡ್ಡು ಉಳಿಸಲು ಬಿಟ್ಟರೆ ಕ್ಲ್ಯಾಂಪ್ ಮಾಡಿಸಿದ್ದರ ಅರ್ಧ ಪ್ರಯೋಜನ ಹೋಯಿತು.

ನಿಮ್ಮ ಅನುಮಾನ ಪ್ಯಾಂಕ್ರಿಯಾಸ್ ಮೇಲಿದ್ದರೆ ಈ ಕ್ಲ್ಯಾಂಪ್ ಬೇಡ. ಶುಗರನ್ನು ಬೇಕಂತಲೇ ಮೇಲೆ ಹಿಡಿದಿಟ್ಟು ಇನ್ಸುಲಿನ್ ಎಷ್ಟು ಬರುತ್ತೆ ಅಂತ ನೋಡುವ ಹೈಪರ್‌ಗ್ಲೈಸೀಮಿಕ್ ಕ್ಲ್ಯಾಂಪ್ ಕೇಳಿ, ಇಲ್ಲವೇ ಪ್ಯಾಂಕ್ರಿಯಾಸ್‌ನಲ್ಲಿ ಇನ್ಸುಲಿನ್ ಬಿಡುವ ಕೋಶಗಳ ಗುಂಪುಗಳಾದ ಐಲೆಟ್‌ಗಳನ್ನು ಬೇರ್ಪಡಿಸಿ ಹೊರಗೆ ಪರೀಕ್ಷೆ ಮಾಡುವ ಕೋರ್‌ಗೆ ಹೋಗಿ.

ಹಂತ 10: ಸ್ಯಾಂಪಲ್‌ಗಳು

ಇಲಿ ಕಳಿಸದೆ ಬರೀ ಪ್ಲಾಸ್ಮಾ ಕಳಿಸಿ ಹಾರ್ಮೋನ್ ಅಳೆಸುವ ಸೇವೆಯೂ ಕೆಲವು ಕೋರ್‌ಗಳಲ್ಲಿದೆ. ರಕ್ತ ಹಿಡಿದ ತಕ್ಷಣ ಐಸ್ ಮೇಲಿಟ್ಟು ಬೇಗ ಪ್ಲಾಸ್ಮಾ ಬೇರ್ಪಡಿಸಿ. ಪ್ಲಾಸ್ಮಾ ಕೆಂಪಗಿದ್ದರೆ ರಕ್ತಕಣ ಒಡೆದಿವೆ ಅಂತ ಅರ್ಥ. ಅವುಗಳೊಳಗಿನ ಕಿಣ್ವ ಇನ್ಸುಲಿನ್ ಅನ್ನು ಕತ್ತರಿಸಿ ಅಂಕಿಯನ್ನು ಸುಳ್ಳಾಗಿ ಇಳಿಸುತ್ತೆ. ಸಣ್ಣ ಸಣ್ಣ ಟ್ಯೂಬಿಗೆ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಿ, ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವುದು ಬೇಡ. ಡ್ರೈ ಐಸ್‌ನಲ್ಲಿ ಕಳಿಸಿ. ಟ್ಯೂಬಿನ ಮೇಲೆ ನಂಬರ್ ಮಾತ್ರ, ಪಟ್ಟಿ ಬೇರೆ ಫೈಲಲ್ಲಿ.

ಭಾರತದಲ್ಲಿ ಮಾಡುವವರಿಗೆ

ಇಲಿಯನ್ನು ಅಮೆರಿಕಕ್ಕೆ ಕಳಿಸೋ ಯೋಚನೆ ಹೆಚ್ಚಿನವರಿಗೆ ಬೇಡ. ಮೇಲೆ ಹೇಳಿದ್ದರಲ್ಲಿ ತಳಿ, ಕಂಟ್ರೋಲ್, ಆಹಾರ, ಗ್ಲೂಕೋಸ್ ಟೆಸ್ಟ್ ಎಲ್ಲವನ್ನೂ ಇಲ್ಲೇ ಅಷ್ಟೇ ಶುದ್ಧವಾಗಿ ಮಾಡಬಹುದು. ಬೆಂಗಳೂರಲ್ಲಿ ಐಐಎಸ್‌ಸಿ, ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಇವುಗಳಲ್ಲಿ ಒಳ್ಳೆಯ ಪ್ರಾಣಿ ಸೌಲಭ್ಯಗಳಿವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಅಲ್ಲೇ ಹುಟ್ಟಿದ ದಢೂತಿ ರ‍್ಯಾಟ್ (ದೊಡ್ಡ ಜಾತಿಯ ಇಲಿ) ತಳಿಯೇ ಇದೆ. ಯಾವ ಸಂಸ್ಥೆಯಲ್ಲಿ ಯಾವ ಯಂತ್ರ ಹೊರಗಿನವರಿಗೆ ಸಿಗುತ್ತೆ ಅಂತ ಹುಡುಕಲು ಐ-ಸ್ಟೆಮ್ ಪೋರ್ಟಲ್ ನೋಡಿ, 2020ರಲ್ಲಿ ಶುರುವಾದ ಇದು ನಡೆಯುವುದೂ ಐಐಎಸ್‌ಸಿಯಿಂದಲೇ. ಅನುಮತಿಗೆ ನಿಮ್ಮ ಸಂಸ್ಥೆಯ ಪ್ರಾಣಿ ನೀತಿ ಸಮಿತಿಗೆ ಫಾರ್ಮ್-ಬಿ ಸಲ್ಲಿಸಬೇಕು. ಪರೀಕ್ಷೆ ಬೇರೆ ಸಂಸ್ಥೆಯಲ್ಲಿ ನಡೆಯುವುದಾದರೆ ಅಲ್ಲಿನ ಸಮಿತಿಯ ಒಪ್ಪಿಗೆಯನ್ನೂ ಮೊದಲೇ ಕೇಳಿಡಿ.

ದುಡ್ಡು, ದತ್ತಾಂಶ, ಹೆಸರು

ದರಪಟ್ಟಿ ಕೇಳುವಾಗ ಟೆಸ್ಟಿನ ದರ ಮಾತ್ರ ಕೇಳಬೇಡಿ. ಪಂಜರದ ದಿನದ ಬಾಡಿಗೆ, ಕ್ವಾರಂಟೈನ್, ಆಪರೇಷನ್ ಆಗಿ ಟೆಸ್ಟ್ ತಲುಪದ ಇಲಿಗಳಿಗೂ ಶುಲ್ಕ ಇದೆಯಾ, ಇವೆಲ್ಲ ಸೇರಿದರೆ ಬಿಲ್ ಬೇರೆಯೇ ಆಗುತ್ತೆ. ಡಯಾಬಿಟಿಸ್ ಕೇಂದ್ರದ ಸದಸ್ಯರಿಗೆ ಕೆಲವು ಕಡೆ ರಿಯಾಯಿತಿ ಇರುತ್ತೆ, ಹೊಸಬರಿಗೆ ಸಣ್ಣ ಪೈಲಟ್ ಅನುದಾನವೂ ಇರುತ್ತೆ. ಕೇಳಿದರೆ ತಪ್ಪೇನಿಲ್ಲ.

ಫಲಿತಾಂಶ ಬಂದಾಗ ಸರಾಸರಿಯ ಗ್ರಾಫ್ ಜೊತೆಗೆ ಪ್ರತಿ ಇಲಿಯ ಕಚ್ಚಾ ಅಂಕಿಗಳನ್ನೂ ತರಿಸಿಕೊಳ್ಳಿ: ತೂಕ, ಉಪವಾಸದ ಗಂಟೆ, ಟೆಸ್ಟ್ ಮಾಡಿದ ಹೊತ್ತು, ಕ್ಲ್ಯಾಂಪಿನಲ್ಲಿ ಪ್ರತಿ 10 ನಿಮಿಷದ ಶುಗರ್. ಶುಗರ್ ಮಟ್ಟ ನಿಂತಿಲ್ಲದ ಕ್ಲ್ಯಾಂಪನ್ನು ಲೆಕ್ಕಕ್ಕೆ ಸೇರಿಸಬಾರದು, ಅದನ್ನು ನಿರ್ಧರಿಸುವುದು ಗುಂಪಿನ ಗುಟ್ಟು ಬಿಡಿಸುವ ಮೊದಲು. ಉಪವಾಸದ ಶುಗರ್ ಮತ್ತು ಇನ್ಸುಲಿನ್‌ನಿಂದ ಇನ್ಸುಲಿನ್ ಪ್ರತಿರೋಧ ಅಂದಾಜು ಮಾಡಲು ಮನುಷ್ಯರಿಗೆ ಮಾಡಿದ ಹೋಮಾ-ಐಆರ್ ಸೂತ್ರವನ್ನು ಇಲಿಯ ಅಂಕಿಗೆ ಹಾಕಿ ದೊಡ್ಡ ತೀರ್ಮಾನ ಬರೆಯಬೇಡಿ.

ಪೇಪರ್ ಬರೆಯುವಾಗ ಕೋರ್‌ನ ಅನುದಾನ ಸಂಖ್ಯೆಯನ್ನು ಕೃತಜ್ಞತೆಯ ಭಾಗದಲ್ಲಿ ಹಾಕಲೇಬೇಕು, ಮುಂದಿನ ಸಲ ಸರ್ಕಾರ ಅವರಿಗೆ ದುಡ್ಡು ಕೊಡುವಾಗ ಇದನ್ನೇ ಎಣಿಸುತ್ತೆ. ಪ್ರಯೋಗದ ರೂಪ ಕಟ್ಟುವುದರಲ್ಲಿ, ಫಲಿತಾಂಶ ಅರ್ಥ ಮಾಡುವುದರಲ್ಲಿ ಕೋರ್‌ನವರ ಬುದ್ಧಿ ಸೇರಿದ್ದರೆ ಅವರ ಹೆಸರು ಲೇಖಕರ ಸಾಲಲ್ಲೇ ಇರಬೇಕು, ಇಲಿಗೆ ಆಪರೇಷನ್ ಮಾಡಿದ ಟೆಕ್ನಿಷಿಯನ್ ಹೆಸರೂ ಸೇರಿ. ಈ ಮಾತನ್ನು ಪೇಪರ್ ಸಿದ್ಧ ಆದ ಮೇಲೆ ಎತ್ತಬೇಡಿ, ಮೊದಲ ಮಾತುಕತೆಯಲ್ಲೇ ಆಡಿ ಇಮೇಲಲ್ಲಿ ಬರೆದಿಡಿ. ಹಾಗೇ ಉಳಿದ ಪ್ಲಾಸ್ಮಾ ಮತ್ತು ಅಂಗಾಂಶಗಳನ್ನು ಅವರು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅಂತ ಕೇಳಿ, ಅವಧಿ ಮುಗಿಯುವ ಮೊದಲು ತರಿಸಿಕೊಳ್ಳಿ. ಪೇಪರ್ ಪರಿಶೀಲಿಸುವವರು ಕೇಳುವ ಹೆಚ್ಚುವರಿ ಅಳತೆಗೆ ಆ ಟ್ಯೂಬುಗಳು ಬೇಕಾಗುತ್ತವೆ.